ಫೈಲ್ ಸರ್ವರ್ ಏದುಸಿರು ಬಿಡುವಾಗ ಕೇಳಬೇಕಾದ ಪ್ರಶ್ನೆ: ಕೆಲಸ ಹೇಳಿದವರು ಯಾರು?

ಕೊಯ್ಲು ಶುರುವಾಯಿತೆಂದರೆ ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳ ಕಚೇರಿಯಲ್ಲಿ ಯಾರಿಗೂ ಪುರಸೊತ್ತಿರುವುದಿಲ್ಲ. ನವೆಂಬರ್‌ನಿಂದ ಅರೇಬಿಕಾ, ಜನವರಿ ದಾಟುವ ಹೊತ್ತಿಗೆ ರೊಬಸ್ಟಾ. ವೇಬ್ರಿಡ್ಜ್ ಮುಂದೆ ಲಾರಿ, ಪಿಕಪ್‌ಗಳ ಸಾಲು. ಬಂದ ಪ್ರತಿ ಮೂಟೆಯ ಲೆಕ್ಕವೂ ಮೂಲೆಯಲ್ಲಿ ಕುಳಿತು ಕಚೇರಿಯವರೆಲ್ಲರ ಫೈಲ್‌ಗಳನ್ನು ಇಟ್ಟುಕೊಳ್ಳುವ ಒಂದು ಕಂಪ್ಯೂಟರ್‌ಗೆ, ಅಂದರೆ ಫೈಲ್ ಸರ್ವರ್‌ಗೆ ಹೋಗಿ ಸೇರುತ್ತದೆ. ಇಂಥ ದಿನಗಳಲ್ಲೇ ಅದು ಇದ್ದಕ್ಕಿದ್ದಂತೆ ಕೈಕೊಡುತ್ತದೆ. ಫೋಲ್ಡರ್ ತೆರೆಯುವುದಿಲ್ಲ, ಲೆಕ್ಕ ಬರೆಯುವ ಟ್ಯಾಲಿ ತಂತ್ರಾಂಶ ನಿಂತಲ್ಲೇ ನಿಲ್ಲುತ್ತದೆ, ಯಾರೋ ಸರ್ವರ್ ಪರದೆ ನೋಡಿ ‘ಸಿಪಿಯು ನೂರಕ್ಕೆ ನೂರು ತೋರಿಸುತ್ತಿದೆ’ ಎನ್ನುತ್ತಾರೆ. ಐದು ನಿಮಿಷಕ್ಕೆ ತಾನಾಗಿಯೇ ಸರಿಹೋಗುತ್ತದೆ. ಮಾರನೆಯ ದಿನ ಮತ್ತೆ ಅದೇ ಕಥೆ. ಹಾಸನದ ಲೆಕ್ಕಪರಿಶೋಧಕರ ಕಚೇರಿಯಿಂದಲೂ ಸಕಲೇಶಪುರದ ಎಸ್ಟೇಟ್ ಆಫೀಸಿನಿಂದಲೂ ನನಗೆ ಬರುವ ದೂರು ಹೆಚ್ಚುಕಡಿಮೆ ಇದೇ.

ಆಗ ಎಲ್ಲರೂ ಮಾಡುವ ಮೊದಲ ಕೆಲಸ ರೀಸ್ಟಾರ್ಟ್. ದಯವಿಟ್ಟು ಅದನ್ನು ಮಾಡಬೇಡಿ. ಯಂತ್ರ ಆ ಕ್ಷಣದಲ್ಲಿ ಏನು ಮಾಡುತ್ತಿತ್ತು ಎಂಬ ಸಾಕ್ಷ್ಯವಿರುವುದು ಅದರ ಮೆಮೊರಿಯಲ್ಲಿ ಮಾತ್ರ. ರೀಸ್ಟಾರ್ಟ್ ಒತ್ತಿದರೆ ಆ ಸಾಕ್ಷ್ಯ ಅಳಿಸಿಹೋಗುತ್ತದೆ, ಕಾರಣ ಹಾಗೇ ಉಳಿದುಕೊಳ್ಳುತ್ತದೆ.

ಫೈಲ್ ಸರ್ವರ್ ತಾನಾಗಿ ಮಾಡುವ ಕೆಲಸ ಬಹಳ ಕಡಿಮೆ. ಕೇಳಿದ ಫೈಲನ್ನು ಡಿಸ್ಕಿನಿಂದ ಎತ್ತಿ ನೆಟ್‌ವರ್ಕ್‌ಗೆ ಕೊಡುವುದು, ಬಂದದ್ದನ್ನು ಡಿಸ್ಕಿಗೆ ಇಳಿಸುವುದು, ಯಾರಿಗೆ ಅನುಮತಿ ಇದೆ ಎಂದು ನೋಡುವುದು, ಇಷ್ಟೆ. ಇದರಲ್ಲಿ ಪ್ರೊಸೆಸರ್ (ಸಿಪಿಯು ಎಂದರೂ ಇದೇ) ತಲೆಕೆಡಿಸಿಕೊಳ್ಳುವಂಥ ಲೆಕ್ಕಾಚಾರ ಹೆಚ್ಚಿಲ್ಲ. ಪ್ರೊಸೆಸರ್ ಬಳಕೆ ಏಕಾಏಕಿ ಏರುತ್ತಿದೆಯೆಂದರೆ ಯಾರೋ ವಿಚಿತ್ರವಾದ ಅಥವಾ ವಿಪರೀತವಾದ ಕೆಲಸ ಹೇಳಿದ್ದಾರೆ ಎಂದರ್ಥ. ಹೇಳಿದವರು ಇನ್ನೊಂದು ಮೇಜಿನ ಕಂಪ್ಯೂಟರ್ ಇರಬಹುದು, ಸರ್ವರ್‌ನೊಳಗಿನ ಗಡಿಯಾರಕ್ಕೆ ಕಟ್ಟಿದ ಕಾರ್ಯಕ್ರಮ ಇರಬಹುದು, ಹೊರಗಿನಿಂದ ನುಗ್ಗಿದ ಕಳ್ಳನೂ ಇರಬಹುದು. ಸರ್ವರ್‌ಗೆ ಏನು ರೋಗ ಎಂದು ಹುಡುಕುವ ಮುಂಚೆ ಕೆಲಸ ಹೇಳಿದವರನ್ನು ಹುಡುಕಿ. ಬಹುಪಾಲು ಪ್ರಕರಣಗಳು ಅಲ್ಲಿಗೇ ಬಗೆಹರಿಯುತ್ತವೆ.

ಮೊದಲು, ಆ ‘ನೂರು’ ಎಂಬ ಸಂಖ್ಯೆಯನ್ನು ಸರಿಯಾಗಿ ಓದಬೇಕು. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ಎಲ್ಲ ಕೋರ್‌ಗಳನ್ನೂ (ಪ್ರೊಸೆಸರ್‌ನೊಳಗೆ ಬೇರೆ ಬೇರೆಯಾಗಿ ದುಡಿಯುವ ಘಟಕಗಳನ್ನು) ಸೇರಿಸಿ 100 ಎಂದು ಲೆಕ್ಕ ಹಾಕುತ್ತದೆ. ಲಿನಕ್ಸ್‌ನ ಟಾಪ್ ಆಜ್ಞೆ ಪ್ರಕ್ರಿಯೆಗಳ, ಅಂದರೆ ಓಡುತ್ತಿರುವ ಪ್ರೋಗ್ರಾಂಗಳ, ಸಾಲಿನಲ್ಲಿ ಒಂದೊಂದು ಕೋರಿಗೂ 100 ಎಂದು ಎಣಿಸುತ್ತದೆ. ಎಂಟು ಕೋರ್‌ಗಳ ಯಂತ್ರದಲ್ಲಿ ಒಂದೇ ಒಂದು ಕೋರ್ ಪೂರ್ತಿ ದುಡಿಯುತ್ತಿದ್ದರೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಕಾಣುವುದು ಬರೀ 12.5. ‘ಹನ್ನೆರಡು ತಾನೇ, ಏನೂ ಆಗಿಲ್ಲ’ ಎಂದು ಬಿಟ್ಟುಬಿಡುವವರನ್ನು ಕಂಡಿದ್ದೇನೆ. ಆದರೆ ಆ ಒಂದು ಕೋರನ್ನು ನೆಚ್ಚಿಕೊಂಡ ಉದ್ಯೋಗಿಯ ಪಾಲಿಗೆ ಸರ್ವರ್ ಸತ್ತಂತೆಯೇ. ಟಾಪ್ ತೆರೆದ ಮೇಲೆ 1 ಒತ್ತಿದರೆ ಪ್ರತಿ ಕೋರ್ ಬೇರೆ ಬೇರೆಯಾಗಿ ಕಾಣಿಸುತ್ತದೆ. ಎಲ್ಲವೂ ಸಮನಾಗಿ ಏರಿವೆಯೋ, ಒಂದೇ ಏರಿದೆಯೋ ಎಂಬುದು ಮೊದಲ ಸುಳಿವು.

ಅದೇ ಪರದೆಯ ಮೇಲ್ಭಾಗದಲ್ಲಿ ಸಿಪಿಯು ಸಮಯವನ್ನು ಪಾಲು ಮಾಡಿ ತೋರಿಸುವ ಸಾಲೊಂದಿದೆ. ‘ಯುಎಸ್’ ಎಂದಿರುವುದು ಸಾಮಾನ್ಯ ಪ್ರೋಗ್ರಾಂಗಳ ದುಡಿಮೆ. ‘ಎಸ್‌ವೈ’ ಕರ್ನಲ್‌ನ, ಅಂದರೆ ಲಿನಕ್ಸ್‌ನ ತಿರುಳಿನ, ದುಡಿಮೆ. ಫೈಲ್ ತೆರೆ, ಪಟ್ಟಿ ಕೊಡು ಎಂಬ ಕರೆಗಳೆಲ್ಲ ಇಲ್ಲಿ ಬರುತ್ತವೆ. ‘ಎಸ್‌ಐ’ ಹೆಚ್ಚಿದ್ದರೆ ನೆಟ್‌ವರ್ಕ್ ಕಾರ್ಡಿನಿಂದ ಬರುವ ಪ್ಯಾಕೆಟ್‌ಗಳನ್ನು ಸಾಗಹಾಕುವುದರಲ್ಲೇ ಪ್ರೊಸೆಸರ್ ಮುಳುಗಿದೆ ಎಂದು ತಿಳಿಯಬೇಕು. ‘ಡಬ್ಲ್ಯುಎ’ ಮಾತ್ರ ಬಹಳ ಜನರ ದಾರಿ ತಪ್ಪಿಸುತ್ತದೆ. ಅದು ಡಿಸ್ಕಿಗಾಗಿ ಕಾಯುತ್ತಾ ಪ್ರೊಸೆಸರ್ ಸುಮ್ಮನೆ ಕುಳಿತ ಸಮಯ. ಅದು 80 ತೋರಿಸಿದರೆ ಪ್ರೊಸೆಸರ್ ದಣಿದಿಲ್ಲ. ಡಿಸ್ಕ್ ನಿಧಾನವಾಗಿದೆ, ಪ್ರಾಯಶಃ ಸಾಯುವ ಹಂತದಲ್ಲಿದೆ. ಲೋಡ್ ಆವರೇಜ್ ಎಂಬ ಸಂಖ್ಯೆಯೂ ಹೀಗೆಯೇ. 1993ರಿಂದ ಲಿನಕ್ಸ್ ಈ ಲೆಕ್ಕದಲ್ಲಿ ಓಡುತ್ತಿರುವ ಪ್ರಕ್ರಿಯೆಗಳ ಜೊತೆಗೆ ಡಿಸ್ಕಿಗಾಗಿ ಅಲುಗಾಡದೆ ಕಾಯುತ್ತಿರುವ ಪ್ರಕ್ರಿಯೆಗಳನ್ನೂ ಸೇರಿಸಿಕೊಳ್ಳುತ್ತದೆ. ಲೋಡ್ 20 ಇದ್ದು ಪ್ರೊಸೆಸರ್ ಖಾಲಿ ಇರುವುದು ಸಾಧ್ಯ. ಹಾಗಿದ್ದಾಗ ಹೊಸ ಪ್ರೊಸೆಸರ್ ಕೊಂಡರೆ ದುಡ್ಡು ದಂಡ. ಹಾರ್ಡ್‌ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಡುವ ಸ್ಮಾರ್ಟ್ ವರದಿ ತೆಗೆದು ನೋಡಬೇಕು.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ನಮ್ಮ ಕಡೆಯ ಸಣ್ಣ ಕಚೇರಿಗಳಲ್ಲಿ ಫೈಲ್ ಸರ್ವರ್ ಎಂದರೆ ಒಂದೋ ವಿಂಡೋಸ್ ಯಂತ್ರ, ಇಲ್ಲವೇ ಲಿನಕ್ಸ್ ಮೇಲೆ ಸಾಂಬಾ ಓಡಿಸುವ ಯಂತ್ರ. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಪುಟ್ಟ ಫೈಲ್ ಸರ್ವರ್‌ಗಳಾದ ನ್ಯಾಸ್ ಪೆಟ್ಟಿಗೆಗಳ ಒಳಗೂ ಸಾಮಾನ್ಯವಾಗಿ ಇರುವುದು ಸಾಂಬಾವೇ. ಆಸ್ಟ್ರೇಲಿಯಾದ ಆ್ಯಂಡ್ರ್ಯೂ ಟ್ರಿಡ್ಜೆಲ್ 1990ರ ದಶಕದ ಆರಂಭದಲ್ಲಿ ಬರೆಯಲು ತೊಡಗಿದ ಈ ತಂತ್ರಾಂಶ ವಿಂಡೋಸ್ ಕಂಪ್ಯೂಟರ್‌ಗಳ ಜೊತೆ ಅವುಗಳ ಭಾಷೆಯಾದ ಎಸ್‌ಎಂಬಿಯಲ್ಲೇ ಮಾತನಾಡುತ್ತದೆ. ಪತ್ತೆದಾರಿಕೆಗೆ ಬಹಳ ಉಪಯುಕ್ತವಾದ ಗುಣವೊಂದು ಅದಕ್ಕಿದೆ. ಸಂಪರ್ಕಕ್ಕೆ ಬರುವ ಒಂದೊಂದು ಕಂಪ್ಯೂಟರ್‌ಗೂ ಅದು ಎಸ್‌ಎಂಬಿಡಿ ಎಂಬ ಒಂದೊಂದು ಪ್ರತ್ಯೇಕ ಪ್ರಕ್ರಿಯೆಯನ್ನು ಹುಟ್ಟುಹಾಕುತ್ತದೆ. ಟಾಪ್‌ನಲ್ಲಿ ಎಸ್‌ಎಂಬಿಡಿ ಮೇಲೆದ್ದು ಕುಳಿತಿದ್ದರೆ ಅದರ ಪ್ರಕ್ರಿಯೆ ಸಂಖ್ಯೆ (ಪಿಐಡಿ) ಬರೆದುಕೊಂಡು ಎಸ್‌ಎಂಬಿಸ್ಟೇಟಸ್ ಆಜ್ಞೆ ಕೊಡಿ. ಆ ಸಂಖ್ಯೆಯ ಎದುರಿಗೆ ಬಳಕೆದಾರರ ಹೆಸರು, ಕಂಪ್ಯೂಟರಿನ ವಿಳಾಸ, ಅದು ಬಳಸುತ್ತಿರುವ ಎಸ್‌ಎಂಬಿ ಆವೃತ್ತಿ, ಕೆಳಗೆ ತೆರೆದಿಟ್ಟಿರುವ ಫೈಲ್‌ಗಳ ಪಟ್ಟಿ, ಎಲ್ಲವೂ ಸಿಗುತ್ತದೆ. ಎರಡು ನಿಮಿಷದ ಕೆಲಸ. ಇಷ್ಟು ಮಾಡದೆ ವಾರಗಟ್ಟಲೆ ಊಹೆಯಲ್ಲೇ ಕಳೆಯುವವರಿದ್ದಾರೆ ಎಂಬುದೇ ನನಗೆ ಬೇಸರ.

ವಿಂಡೋಸ್ ಸರ್ವರ್‌ನಲ್ಲಿ ಈ ಅನುಕೂಲವಿಲ್ಲ. ಅಲ್ಲಿ ಫೈಲ್ ಹಂಚಿಕೆಯ ಕೆಲಸ ಕರ್ನಲ್ ಒಳಗೇ ನಡೆಯುವುದರಿಂದ ಭಾರವೆಲ್ಲ ‘ಸಿಸ್ಟಂ’ ಎಂಬ ಹೆಸರಿನಡಿ ಕಾಣಿಸುತ್ತದೆ. ಹೆಸರು ನೋಡಿ ವಿಂಡೋಸೇ ಕೆಟ್ಟಿದೆ ಎಂದುಕೊಳ್ಳಬೇಡಿ. ಕಂಪ್ಯೂಟರ್ ಮ್ಯಾನೇಜ್‌ಮೆಂಟ್ ತೆರೆದು ಶೇರ್ಡ್ ಫೋಲ್ಡರ್ಸ್ ಭಾಗದಲ್ಲಿ ಯಾರು ಸಂಪರ್ಕದಲ್ಲಿದ್ದಾರೆ, ಯಾವ ಫೈಲ್ ತೆರೆದಿದ್ದಾರೆ ಎಂದು ನೋಡಿ.

ಒಂದು ಪ್ರಕರಣವನ್ನು ಹತ್ತಿರದಿಂದ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಚಿಕ್ಕಮಗಳೂರಿನ ಕ್ಯೂರಿಂಗ್ ಘಟಕವೊಂದರಲ್ಲಿ ವೇಬ್ರಿಡ್ಜ್‌ಗೆ ಕ್ಯಾಮೆರಾಗಳಿವೆ. ವಾಹನ ಹತ್ತಿ ನಿಂತಾಗ ಮುಂದಿನಿಂದ, ಹಿಂದಿನಿಂದ, ಮೇಲಿನಿಂದ ಒಂದೊಂದು ಚಿತ್ರ; ಸರಕು ಇಳಿಸಿ ಖಾಲಿ ತೂಕಕ್ಕೆ ಬಂದಾಗ ಮತ್ತೆ ಮೂರು. ದಿನಕ್ಕೆ ನೂರು ವಾಹನ ಬಂದರೆ 600 ಚಿತ್ರ, ತೊಂಬತ್ತು ದಿನದ ಹಂಗಾಮಿಗೆ 54,000. ಹಂಗಾಮುಗಳು ಕಳೆದಂತೆ ಒಂದೇ ಫೋಲ್ಡರ್‌ನಲ್ಲಿ ಲಕ್ಷ ಮೀರಿ ಫೈಲ್‌ಗಳು ಸೇರಿದವು. ತೂಕದ ಸಾಲು ಉದ್ದವಾದಾಗಲೆಲ್ಲ ಸರ್ವರ್ ತತ್ತರಿಸುತ್ತಿತ್ತು. ಟಾಪ್‌ನಲ್ಲಿ ಒಂದೇ ಎಸ್‌ಎಂಬಿಡಿ ಒಂದು ಕೋರನ್ನು ಪೂರ್ತಿ ತಿನ್ನುತ್ತಿತ್ತು. ಎಸ್‌ಎಂಬಿಸ್ಟೇಟಸ್ ನೋಡಿದರೆ ಅದು ವೇಬ್ರಿಡ್ಜ್ ಕೊಠಡಿಯ ಕಂಪ್ಯೂಟರ್.

ಒಂದು ಚಿತ್ರ ಉಳಿಸಲು ಅಷ್ಟು ಕಷ್ಟವೇಕೆ? ವಿಂಡೋಸ್‌ಗೆ ಇಂಗ್ಲಿಷಿನ ದೊಡ್ಡ ಅಕ್ಷರ, ಸಣ್ಣ ಅಕ್ಷರಗಳ ಭೇದವಿಲ್ಲ. ಎರಡೂ ಬರಹದ ಹೆಸರು ಅದಕ್ಕೆ ಒಂದೇ ಫೈಲ್. ಲಿನಕ್ಸ್‌ಗೆ ಅವು ಎರಡು ಬೇರೆ ಫೈಲ್‌ಗಳು. ನಡುವೆ ನಿಂತ ಸಾಂಬಾ ಇಬ್ಬರಿಗೂ ಹೊಂದಿಸಬೇಕು. ಕೇಳಿದ ಹೆಸರು ಇದ್ದಂತೆಯೇ ಸಿಕ್ಕಿಬಿಟ್ಟರೆ ತೊಂದರೆಯಿಲ್ಲ. ಆದರೆ ಹೊಸ ಫೈಲ್ ಬರೆಯುವಾಗ ಆ ಹೆಸರು ಬೇರೆ ಅಕ್ಷರರೂಪದಲ್ಲಿ ಈಗಾಗಲೇ ಇಲ್ಲ ಎಂದು ಖಾತ್ರಿಪಡಿಸಿಕೊಳ್ಳಲು ಅದು ಫೋಲ್ಡರ್‌ನ ಇಡೀ ಪಟ್ಟಿಯನ್ನು ಓದುತ್ತದೆ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಒಂದು ಕಾಗದ ಇದೆ ಎಂದು ಹೇಳಲು ಅದೊಂದೇ ಕಟ್ಟು ಬಿಚ್ಚಿದರೆ ಸಾಕು, ‘ಇಲ್ಲ’ ಎಂದು ಬರೆದುಕೊಡಲು ಎಲ್ಲ ಕಟ್ಟುಗಳನ್ನೂ ಬಿಚ್ಚಬೇಕಾಗುತ್ತದಲ್ಲ, ಹಾಗೆ. ಲಕ್ಷ ಫೈಲ್‌ಗಳಿರುವಲ್ಲಿ ಒಂದು ವಾಹನಕ್ಕೆ ಆರು ಚಿತ್ರವೆಂದರೆ ಲಕ್ಷ ಹೆಸರುಗಳ ಆರು ಓದು. ಪ್ರಕ್ರಿಯೆ ಕರ್ನಲ್‌ಗೆ ಕೊಡುವ ಕರೆಗಳನ್ನು ತೋರಿಸುವ ಎಸ್‌ಟ್ರೇಸ್ ಎಂಬ ಸಾಧನವನ್ನು ಎಣಿಕೆಯ ಆಯ್ಕೆಯೊಡನೆ ಕೆಲವೇ ಸೆಕೆಂಡು ಆ ಪ್ರಕ್ರಿಯೆಗೆ ತಗುಲಿಸಿದಾಗ ಸಮಯವೆಲ್ಲ ಹೋಗುತ್ತಿದ್ದುದು ಗೆಟ್‌ಡೆಂಟ್ಸ್ ಎಂಬ ಕರೆಗೆ, ಅಂದರೆ ಫೋಲ್ಡರ್ ಪಟ್ಟಿ ಓದುವ ಕರೆಗೆ. (ಎಸ್‌ಟ್ರೇಸ್ ತಗುಲಿಸಿದ ಪ್ರಕ್ರಿಯೆ ನಿಧಾನವಾಗುತ್ತದೆ. ಕೆಲಸದ ಹೊತ್ತಿನಲ್ಲಿ ಅದನ್ನು ಹಾಗೇ ಬಿಟ್ಟು ಊಟಕ್ಕೆ ಹೋಗಬಾರದು.)

ಅದಕ್ಕೆ ತುಪ್ಪ ಸುರಿಯುತ್ತಿದ್ದದ್ದು ಇನ್ನೊಂದು. ಲೆಕ್ಕಪತ್ರದ ಮೇಜಿನ ಕಂಪ್ಯೂಟರಿನಲ್ಲಿ ಅದೇ ಫೋಲ್ಡರ್‌ನ ಕಿಟಕಿ ಬೆಳಗಿನಿಂದ ತೆರೆದೇ ಇರುತ್ತಿತ್ತು. ಫೋಲ್ಡರ್‌ನಲ್ಲಿ ಏನಾದರೂ ಬದಲಾದರೆ ತನಗೆ ತಿಳಿಸು ಎಂದು ವಿಂಡೋಸ್ ಸರ್ವರ್‌ಗೆ ಹೇಳಿಟ್ಟಿರುತ್ತದೆ. ಪ್ರತಿ ಹೊಸ ಚಿತ್ರಕ್ಕೂ ಸೂಚನೆ, ಸೂಚನೆ ಬಂದಾಗ ಕಿಟಕಿಯನ್ನು ಹೊಸದಾಗಿಸಲು ಮತ್ತೆ ಪಟ್ಟಿಗೆ ಬೇಡಿಕೆ, ಮೇಲಿಂದ ಚಿತ್ರಗಳ ಚಿಕ್ಕ ರೂಪ ತೋರಿಸಲು ಒಂದೊಂದೇ ಫೈಲ್ ತೆರೆಯುವ ಪ್ರಯತ್ನ. ಕುರ್ಚಿಯಲ್ಲಿ ಕುಳಿತವರಿಗೆ ಇದರ ಅರಿವೇ ಇಲ್ಲ. ಅವರು ಕಿಟಕಿಯೊಂದನ್ನು ತೆರೆದಿಟ್ಟಿದ್ದರು, ಅಷ್ಟೆ.

ಪರಿಹಾರ ಸರಳವಾಗಿತ್ತು. ವೇಬ್ರಿಡ್ಜ್ ತಂತ್ರಾಂಶದಲ್ಲಿ ದಿನಕ್ಕೊಂದು ಫೋಲ್ಡರ್ ಮಾಡುವ ಆಯ್ಕೆ ಇತ್ತು, ಅದನ್ನು ಹಚ್ಚಿ ಹಳೆಯ ಚಿತ್ರಗಳನ್ನು ವರ್ಷವಾರು ಸರಿಸಲಾಯಿತು. ಅಂಥ ಆಯ್ಕೆ ಇಲ್ಲದ ಕಡೆ ಫೈಲ್ ಹೆಸರುಗಳನ್ನೆಲ್ಲ ಸಣ್ಣ ಅಕ್ಷರಕ್ಕೆ ಬದಲಿಸಿ, ಆ ಒಂದು ಶೇರ್‌ಗೆ (ಹಂಚಿಕೊಂಡ ಫೋಲ್ಡರ್‌ಗೆ) ಮಾತ್ರ ಅಕ್ಷರಭೇದ ಪಾಲಿಸುವಂತೆಯೂ ಹೊಸ ಹೆಸರುಗಳನ್ನು ಸಣ್ಣ ಅಕ್ಷರದಲ್ಲೇ ಉಳಿಸುವಂತೆಯೂ ಸಾಂಬಾ ಸಂರಚನೆಯಲ್ಲಿ ಹೇಳಬಹುದು. ಆಗ ಪಟ್ಟಿ ಓದುವ ಪ್ರಮೇಯವೇ ಬರುವುದಿಲ್ಲ.

ಪ್ರತಿ ಏರಿಕೆಗೂ ಮೇಜಿನ ಮುಂದೆ ಕುಳಿತ ಮನುಷ್ಯನೇ ಕಾರಣನಾಗಿರುವುದಿಲ್ಲ. ಗಡಿಯಾರವೂ ಕೆಲಸ ಹೇಳುತ್ತದೆ. ಒಂದೇ ಹೊತ್ತಿಗೆ ಏರಿಕೆ ಮರುಕಳಿಸುತ್ತಿದ್ದರೆ ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಲಿನಕ್ಸ್‌ನ ಕ್ರಾನ್ ಪಟ್ಟಿ, ಸಿಸ್ಟಂಡಿ ಟೈಮರ್‌ಗಳು, ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್ ಇವನ್ನು ಮೊದಲು ನೋಡಿ. ಬ್ಯಾಕಪ್, ಆ್ಯಂಟಿವೈರಸ್‌ನ ಪೂರ್ಣ ತಪಾಸಣೆ, ಹುಡುಕಾಟಕ್ಕಾಗಿ ಸೂಚಿ ತಯಾರಿಸುವ ಇಂಡೆಕ್ಸರ್, ನ್ಯಾಸ್ ಪೆಟ್ಟಿಗೆಗಳಲ್ಲಿ ಫೋಟೊಗಳ ಚಿಕ್ಕ ರೂಪ ಮಾಡುವ ಸೇವೆ ಇವು ಸಾಮಾನ್ಯ ಕಾರಣಗಳು. ಮದುವೆ ಸೀಸನ್ನಿನಲ್ಲಿ ಸಾವಿರಾರು ಚಿತ್ರಗಳನ್ನು ಒಮ್ಮೆಗೇ ಸುರಿಯುವ ಸ್ಟುಡಿಯೊಗಳಲ್ಲಿ ಈ ಕೊನೆಯದೇ ಹೆಚ್ಚು.

ಗಡಿಯಾರದ ಕೆಲಸಗಳಲ್ಲಿ ರೇಡ್ (ಹಲವು ಡಿಸ್ಕ್‌ಗಳನ್ನು ಒಂದಾಗಿ ಜೋಡಿಸುವ ವ್ಯವಸ್ಥೆ) ತಪಾಸಣೆ ವಿಶೇಷವಾದದ್ದು. ಡೆಬಿಯನ್ ಎಂಬ ಲಿನಕ್ಸ್ ಬಗೆಯಲ್ಲಿ ರೇಡ್ ನಿಭಾಯಿಸುವ ಎಂಡಿಆಡಂ ಹಾಕಿದರೆ ಪ್ರತಿ ತಿಂಗಳ ಮೊದಲ ಭಾನುವಾರ ಮಧ್ಯರಾತ್ರಿ ಕಳೆದ ಮೇಲೆ ತಪಾಸಣೆ ತಾನಾಗಿ ಶುರುವಾಗುತ್ತದೆ. ಬಹುಕಾಲ ಅದರ ಕ್ರಾನ್ ಸಾಲಿನಲ್ಲಿದ್ದ ಸಮಯ ರಾತ್ರಿ 12 ಗಂಟೆ 57 ನಿಮಿಷ. 4 ಟೆರಾಬೈಟ್ ಡಿಸ್ಕನ್ನು ಸೆಕೆಂಡಿಗೆ 150 ಮೆಗಾಬೈಟ್ ವೇಗದಲ್ಲಿ ಓದಿದರೂ ಸುಮಾರು ಏಳೂವರೆ ಗಂಟೆ ಬೇಕು. ಕೊಯ್ಲಿನ ಭಾನುವಾರ ಬೆಳಿಗ್ಗೆ ಎಂಟಕ್ಕೆ ಕಚೇರಿ ತೆರೆದವರಿಗೆ ಅದರ ಬಾಲ ಎದುರಾಗುತ್ತದೆ. ‘ತಿಂಗಳಿಗೊಮ್ಮೆ, ಅದೂ ಭಾನುವಾರ ಮಾತ್ರ’ ಎಂಬ ದೂರು ಕೇಳಿದರೆ ನಾನು ಬೇರೇನನ್ನೂ ನೋಡುವ ಮುಂಚೆ ರೇಡ್‌ನ ಸ್ಥಿತಿ ತೋರಿಸುವ ಎಂಡಿಸ್ಟ್ಯಾಟ್ ಫೈಲ್ ತೆರೆಯುತ್ತೇನೆ.

ಮಲೆನಾಡಿನಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಜೂನ್‌ನಲ್ಲಿ ಮಳೆ ಹಿಡಿದರೆ ಮರ ಬಿದ್ದು, ತಂತಿ ಹರಿದು ಕರೆಂಟ್ ಹೋಗುವುದು ಇಲ್ಲಿ ಹೊಸದಲ್ಲ. ಯುಪಿಎಸ್ ಬ್ಯಾಟರಿ ಹಳತಾಗಿದ್ದರೆ ಸರ್ವರ್ ದಿಢೀರನೆ ಆರಿಹೋಗುತ್ತದೆ. ಕರೆಂಟ್ ಬಂದಾಗ, ಬರೆಯುವ ನಡುವೆ ನಿಂತುಹೋದ ಡಿಸ್ಕ್‌ಗಳು ಒಂದಕ್ಕೊಂದು ತಾಳೆಯಾಗುತ್ತವೆಯೇ ಎಂಬ ಅನುಮಾನದಿಂದ ರೇಡ್ ಮರುಹೊಂದಾಣಿಕೆಗೆ ಇಳಿಯುತ್ತದೆ. ಎರಡು ಡಿಸ್ಕ್‌ಗಳಲ್ಲೂ ಒಂದೇ ಪ್ರತಿ ಇಡುವ ಮಿರರ್ ಆದರೆ ಪ್ರೊಸೆಸರ್‌ಗೆ ಹೆಚ್ಚು ಭಾರವಿಲ್ಲ, ಡಿಸ್ಕಿಗೆ ಮಾತ್ರ ಭಾರ. ರೇಡ್ 5, ರೇಡ್ 6 ಆದರೆ ಪ್ಯಾರಿಟಿ (ಡಿಸ್ಕ್ ಕೆಟ್ಟರೆ ಮಾಹಿತಿ ಮರಳಿ ಪಡೆಯಲು ಇಡುವ ಹೆಚ್ಚುವರಿ ಅಂಕಿ) ಲೆಕ್ಕ ಮಾಡಬೇಕಿರುವುದರಿಂದ ಪ್ರೊಸೆಸರ್ ಕೂಡ ಏರುತ್ತದೆ. ಎಲ್ಲೆಲ್ಲಿ ಬರೆಯುತ್ತಿದ್ದೇನೆ ಎಂದು ರೇಡ್ ಗುರುತಿಟ್ಟುಕೊಳ್ಳುವ ರೈಟ್ ಇಂಟೆಂಟ್ ಬಿಟ್‌ಮ್ಯಾಪ್ ಇದ್ದರೆ ಎಲ್ಲಿ ಬರೆಯುತ್ತಿತ್ತೋ ಅಷ್ಟು ಭಾಗವನ್ನು ಮಾತ್ರ ಸರಿಪಡಿಸಿ ಮುಗಿಸುತ್ತದೆ. ಅದು ಇದೆಯೇ ಎಂದು ಮಳೆಗಾಲಕ್ಕೆ ಮುಂಚೆಯೇ ನೋಡಿಟ್ಟುಕೊಳ್ಳಿ. ಬ್ಯಾಟರಿ ಬದಲಿಸಿ ಎಂಬುದು ಅದಕ್ಕಿಂತಲೂ ಮುಖ್ಯವಾದ ಸಲಹೆ.

ಕ್ಯೂರಿಂಗ್ ಘಟಕಗಳಿಗೇ ಸೇರಿದ ಇನ್ನೊಂದು ಮಾತು: ಕಾಫಿ ಬೀಜದ ಮೇಲಿನ ಒಣ ಸಿಪ್ಪೆಯಾದ ಪಾರ್ಚ್‌ಮೆಂಟ್ ಸುಲಿಯುವಾಗ ಏಳುವ ಹೊಟ್ಟಿನ ಧೂಳು ಎಲ್ಲೆಂದರಲ್ಲಿ ನುಗ್ಗುತ್ತದೆ. ಫ್ಯಾನು, ಹೀಟ್‌ಸಿಂಕ್ ಕಟ್ಟಿಕೊಂಡರೆ ಪ್ರೊಸೆಸರ್ ಕಾದು, ತನ್ನನ್ನು ಉಳಿಸಿಕೊಳ್ಳಲು ವೇಗ ಇಳಿಸುತ್ತದೆ. ಕೆಲಸ ಅಷ್ಟೇ ಇದ್ದರೂ ಅದನ್ನು ಮುಗಿಸಲು ಹೆಚ್ಚು ಹೊತ್ತು ಬೇಕಾಗುವುದರಿಂದ ಶೇಕಡಾವಾರು ಏರುತ್ತದೆ. ಬಿಸಿಯನ್ನೂ ಗಡಿಯಾರದ ವೇಗವನ್ನೂ ಒಟ್ಟಿಗೆ ನೋಡಿದರೆ ಇದು ತಕ್ಷಣ ಗೊತ್ತಾಗುತ್ತದೆ.

ಆ್ಯಂಟಿವೈರಸ್ ಬಗ್ಗೆ ಸ್ವಲ್ಪ ಎಚ್ಚರದಿಂದ ಹೇಳಬೇಕು. ಸರ್ವರ್‌ನಲ್ಲಿ ಪ್ರತಿ ಫೈಲ್ ತೆರೆದಾಗ, ಬರೆದಾಗ ಅದು ಮಧ್ಯೆ ಬಂದು ಓದಿ ನೋಡುತ್ತದೆ. ಟ್ಯಾಲಿಯಂತಹ ತಂತ್ರಾಂಶ ಹಲವರಿಂದ ಒಂದೇ ದತ್ತಾಂಶ ಫೈಲ್‌ಗಳಿಗೆ ದಿನವಿಡೀ ಬರೆಸುತ್ತಲೇ ಇರುವುದರಿಂದ ಅದೇ ಫೈಲ್ ಮತ್ತೆ ಮತ್ತೆ ತಪಾಸಣೆಗೆ ಒಳಗಾಗಬಹುದು. ವಿಂಡೋಸ್ ಡಿಫೆಂಡರ್‌ನ ಪ್ರಕ್ರಿಯೆ (MsMpEng) ಟಾಸ್ಕ್ ಮ್ಯಾನೇಜರ್ ಪಟ್ಟಿಯ ತುದಿಯಲ್ಲಿದ್ದರೆ ಆ ದತ್ತಾಂಶ ಫೋಲ್ಡರ್ ಒಂದಕ್ಕೆ ಮಾತ್ರ ವಿನಾಯಿತಿ ಕೊಡಿ. ಇಡೀ ಆ್ಯಂಟಿವೈರಸ್ಸನ್ನೇ ಆರಿಸಿಬಿಡುವುದು ಸರಿಯಲ್ಲ.

ಹೊಸದಾಗಿ ಶುರುವಾದ ಕಾರಣವೊಂದಿದೆ. 2024ರಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿಯ ಪ್ರೊ, ಎಂಟರ್‌ಪ್ರೈಸ್‌ನಂಥ ಬಗೆಗಳು ಎಸ್‌ಎಂಬಿ ಸಂಪರ್ಕದ ಪ್ರತಿ ಸಂದೇಶಕ್ಕೂ ಸಹಿ (ನಡುವೆ ಯಾರೂ ತಿದ್ದಿಲ್ಲ ಎಂಬುದಕ್ಕೆ ಗುರುತು) ಇರಲೇಬೇಕು ಎನ್ನುತ್ತವೆ. ಇದು ಒಳ್ಳೆಯ ರಕ್ಷಣೆ. ಆದರೆ ಸಹಿ ಮಾಡುವುದು, ಪರಿಶೀಲಿಸುವುದು ಪ್ರೊಸೆಸರ್ ಕೆಲಸ. ಈ ಸಹಿಗೆ ಬೇಕಾದ ಎಇಎಸ್ ಎಂಬ ಗೂಢಲಿಪಿ ಲೆಕ್ಕಕ್ಕೆ ವಿಶೇಷ ಆದೇಶಗಳಿರುವ ಪ್ರೊಸೆಸರ್‌ಗೆ ಇದು ಗಮನಕ್ಕೇ ಬರುವುದಿಲ್ಲ. ಅದಿಲ್ಲದ ಹಳೆಯ ನ್ಯಾಸ್ ಪೆಟ್ಟಿಗೆ ಬೆವರುತ್ತದೆ. ಹೊಸ ಲ್ಯಾಪ್‌ಟಾಪ್‌ಗಳು ಬಂದ ವಾರದಿಂದಲೇ ತೊಂದರೆ ಶುರುವಾಗಿದ್ದರೆ ಇದನ್ನು ನೆನಪಿಡಿ. ಸಹಿಯನ್ನು ತೆಗೆಸುವುದಕ್ಕಿಂತ ಪೆಟ್ಟಿಗೆ ಬದಲಿಸುವುದು ಲೇಸು ಎಂಬುದು ನನ್ನ ಖಚಿತ ಅಭಿಪ್ರಾಯ.

ಕಳ್ಳರ ವಿಷಯವನ್ನು ಕೊನೆಗೆಂದು ಮುಂದೂಡುವಂತಿಲ್ಲ. ಇಂಟರ್ನೆಟ್ಟಿಗೆ ನೇರವಾಗಿ ತೆರೆದಿಟ್ಟ ನ್ಯಾಸ್ ಪೆಟ್ಟಿಗೆಗಳಿಗೆ ನುಗ್ಗಿ ಬಿಟ್‌ಕಾಯಿನ್ ಗಣಿಗಾರಿಕೆಗೆ ಹಚ್ಚುವವರಿದ್ದಾರೆ. 2021ರ ಡಿಸೆಂಬರ್‌ನಲ್ಲಿ ನ್ಯಾಸ್ ತಯಾರಿಸುವ ಕ್ಯೂನ್ಯಾಪ್ ಕಂಪನಿ ತನ್ನ ಗ್ರಾಹಕರಿಗೆ ಇಂಥದ್ದೇ ಎಚ್ಚರಿಕೆ ಕೊಟ್ಟಿತ್ತು. ‘ಓಓಎಂ ರೀಪರ್’ ಎಂಬ ಹೆಸರಿನ ಪ್ರಕ್ರಿಯೆಯೊಂದು ಪ್ರೊಸೆಸರ್‌ನ ಅರ್ಧದಷ್ಟನ್ನು ಬಳಸುತ್ತಿತ್ತು. ಅದೇ ಹೆಸರಿನ ಅಸಲಿ ಕರ್ನಲ್ ಪ್ರಕ್ರಿಯೆಯೂ ಇದೆ, ವೇಷ ಹಾಕಿದ್ದು ಅದರದ್ದೇ. ಅಸಲಿಯು ಯಂತ್ರ ಏಳುವಾಗಲೇ ಹುಟ್ಟುವುದರಿಂದ ಅದರ ಸಂಖ್ಯೆ ಚಿಕ್ಕದು, ನಕಲಿಯದು ಸಾಮಾನ್ಯವಾಗಿ 1000 ಮೀರಿದ್ದು. ಇನ್ನು ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ರಾನ್ಸಮ್‌ವೇರ್. ಒಂದೇ ಕಂಪ್ಯೂಟರ್ ಫೋಲ್ಡರ್‌ನಿಂದ ಫೋಲ್ಡರ್‌ಗೆ ಸಾಲಾಗಿ ಹೋಗುತ್ತಾ ಪ್ರತಿ ಫೈಲ್ ಓದಿ, ಬರೆದು, ಹೆಸರು ಬದಲಿಸುತ್ತಿದ್ದರೆ ಯೋಚಿಸುತ್ತಾ ಕೂರಬೇಡಿ. ಎಸ್‌ಎಂಬಿಸ್ಟೇಟಸ್ ತೋರಿಸಿದ ಆ ಕಂಪ್ಯೂಟರಿನ ನೆಟ್‌ವರ್ಕ್ ಕೇಬಲ್ಲನ್ನು ತಕ್ಷಣ ಕೀಳಿ.

ಇಷ್ಟೆಲ್ಲ ನೋಡಲು ಏರಿಕೆಯ ಹೊತ್ತಿಗೆ ನೀವು ಸರ್ವರ್ ಮುಂದೆ ಇರಬೇಕು. ಹಾಸನದಲ್ಲಿರುವವರಿಗೆ ಬೇಲೂರಿನ ಸರ್ವರ್ ಬಗ್ಗೆ ಫೋನ್ ಬಂದರೆ ಅಲ್ಲಿಗೆ ತಲುಪುವಷ್ಟರಲ್ಲಿ ಎಲ್ಲ ತಣ್ಣಗಾಗಿರುತ್ತದೆ. ಅದಕ್ಕೇ ದಾಖಲೆ ಬೇಕು. ಲಿನಕ್ಸ್‌ನಲ್ಲಿ ಸಿಸ್ಟ್ಯಾಟ್ ಹಾಕಿದರೆ ಸಾರ್ ಆಜ್ಞೆ ಹಿಂದಿನ ದಿನಗಳ ಅಂಕಿಗಳನ್ನು ತೋರಿಸುತ್ತದೆ. ಆದರೆ ಅದು ರೂಢಿಯಂತೆ ಅಂಕಿ ಕೂಡಿಡುವುದು 10 ನಿಮಿಷಕ್ಕೊಮ್ಮೆ. ಮೂವತ್ತು ಸೆಕೆಂಡಿನ ನೂರರ ಏರಿಕೆ ಹತ್ತು ನಿಮಿಷದ ಸರಾಸರಿಯಲ್ಲಿ 5 ಆಗಿ ಕರಗಿಹೋಗುತ್ತದೆ. ವರದಿ ನೋಡಿದವರು ಉದ್ಯೋಗಿಗಳೇ ಸುಳ್ಳು ಹೇಳುತ್ತಿದ್ದಾರೆ ಎಂದುಕೊಳ್ಳುತ್ತಾರೆ. ಅಂತರವನ್ನು ಒಂದು ನಿಮಿಷಕ್ಕೆ ಇಳಿಸಿ. ಎಟಾಪ್ ಇನ್ನೂ ಒಳ್ಳೆಯದು, ಯಾವ ಪ್ರಕ್ರಿಯೆ ಎಷ್ಟು ತಿಂದಿತು ಎಂಬುದನ್ನೂ ಅದು ಬರೆದಿಡುತ್ತದೆ. ಜೊತೆಗೆ ಎಸ್‌ಎಂಬಿಸ್ಟೇಟಸ್ ಉತ್ತರವನ್ನು ನಿಮಿಷಕ್ಕೊಮ್ಮೆ ಒಂದು ಫೈಲಿಗೆ ಸೇರಿಸುವ ಕ್ರಾನ್ ಸಾಲು ಹಾಕಿದರೆ ಸಂಖ್ಯೆಗೆ ಹೆಸರನ್ನು ಜೋಡಿಸುವುದು ಆಮೇಲೂ ಸಾಧ್ಯ. ಕಚೇರಿಯವರಿಂದಲೂ ಒಂದು ಸಹಾಯ ಕೇಳಿ: ನಿಧಾನವಾದಾಗ ಗಂಟೆ, ನಿಮಿಷ ಬರೆದಿಡುವುದು. ‘ಮಧ್ಯಾಹ್ನದ ಹೊತ್ತಿಗೆ’ ಎಂಬುದರಿಂದ ಉಪಯೋಗವಿಲ್ಲ. ‘12 ಗಂಟೆ 40ಕ್ಕೆ’ ಎಂದರೆ ದಾಖಲೆಯಲ್ಲಿ ನೇರವಾಗಿ ಆ ಸಾಲಿಗೆ ಹೋಗಬಹುದು.

ಕಾರಣ ಸಿಕ್ಕಿತೆಂದು ಅನ್ನಿಸಿದಾಗ ಒಮ್ಮೆಗೆ ಒಂದನ್ನೇ ಬದಲಿಸಿ. ಆ್ಯಂಟಿವೈರಸ್ ವಿನಾಯಿತಿ, ಹೊಸ ಸ್ವಿಚ್, ಫೋಲ್ಡರ್ ವಿಂಗಡಣೆ ಮೂರನ್ನೂ ಒಂದೇ ಸಂಜೆ ಮಾಡಿದರೆ ಯಾವುದರಿಂದ ಸರಿಹೋಯಿತು ಎಂದು ಯಾರಿಗೂ ತಿಳಿಯುವುದಿಲ್ಲ, ಮುಂದಿನ ಹಂಗಾಮಿನಲ್ಲಿ ತೊಂದರೆ ಮರಳಿದಾಗ ಮತ್ತೆ ಮೊದಲಿನಿಂದ ಶುರು. ಬದಲಾವಣೆಗೆ ಹಿಂದಿನ ವಾರದ ಅದೇ ದಿನ, ಅದೇ ಗಂಟೆಯ ಅಂಕಿಗಳ ಜೊತೆ ಹೋಲಿಸಿ ನೋಡಿ. ಭಾನುವಾರದ ಶಾಂತಿಯನ್ನು ಸೋಮವಾರದ ಗದ್ದಲಕ್ಕೆ ಹೋಲಿಸಬಾರದು.

ಎಲ್ಲ ಹುಡುಕಿದ ಮೇಲೂ ಕೆಲಸ ಹೇಳಿದವರೆಲ್ಲ ಸರಿಯಾದವರೇ, ಹೇಳಿದ ಕೆಲಸವೂ ಬೇಕಾದದ್ದೇ ಎಂದು ಗೊತ್ತಾದರೆ ಆಗ ಮಾತ್ರ ಹೊಸ ಯಂತ್ರದ ಮಾತು. ಕೊಳ್ಳುವಾಗ ಕೋರ್‌ಗಳ ಸಂಖ್ಯೆಗೆ ಮರುಳಾಗಬೇಡಿ. ಸಾಂಬಾದಲ್ಲಿ ಒಂದು ಕಂಪ್ಯೂಟರ್‌ಗೆ ಒಂದು ಪ್ರಕ್ರಿಯೆಯಾದ್ದರಿಂದ ಒಬ್ಬ ಉದ್ಯೋಗಿಯ ಕೆಲಸ ಬಹುಮಟ್ಟಿಗೆ ಒಂದೇ ಕೋರಿನ ಮೇಲೆ ಬೀಳುತ್ತದೆ. ಹತ್ತು ಹನ್ನೆರಡು ಜನರಿರುವ ಕಚೇರಿಗೆ ಹದಿನಾರು ನಿಧಾನ ಕೋರ್‌ಗಳಿಗಿಂತ ನಾಲ್ಕು ಚುರುಕಾದ ಕೋರ್‌ಗಳೇ ವಾಸಿ. ಉಳಿದ ಹಣವನ್ನು ಮೆಮೊರಿಗೂ ಎಸ್‌ಎಸ್‌ಡಿಗೂ ಹಾಕಿ.